ಅಗ್ನಿಗರ್ಭದ ಹಿಮದ್ವೀಪ

ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲೆಂಡಿಗೆ ಹಿಮದ ನಾಡೆಂಬ ಹೆಸರಿದ್ದರೂ ಅದರ ಗರ್ಭದಲ್ಲಿರುವುದು ಅಗ್ನಿಯೇ. ಭೂತಲದ ಎರಡು ಮಹಾಫಲಕಗಳು ಪರಸ್ಪರ ಅಗಲುವ ಸೀಮೆಯು ಈ ದ್ವೀಪವನ್ನು ಹಾದುಹೋಗುತ್ತದೆ. ೧೭೮೩ನೆಯ ಜೂನ್ ೮ರಂದು ಲಾಕಿ ಎಂಬಲ್ಲಿ ನೆಲವು ಬಿರಿದು, ಎಂಟು ತಿಂಗಳ ಕಾಲ ಶಿಲಾರಸವು ಉಕ್ಕಿ ಹರಿಯಿತು. ಆದರೆ ಪ್ರಜೆಗಳನ್ನು ಕೊಂದುದು ಆ ಉರಿಯಲ್ಲ. ವಿಷಧೂಮದಿಂದ ಹುಲ್ಲು ಕೆಟ್ಟು, ಕುರಿದನಗಳು ಸತ್ತು, ಬಳಿಕ ಬಂದೊದಗಿದ ಕ್ಷಾಮ. ಐವರಲ್ಲಿ ಒಬ್ಬರಂತೆ ಜನರು ಅಳಿದರು.

ಅದೇ ನೆಲದ ಶಾಖವು ಮುಂದೆ ಅನ್ನದಷ್ಟೇ ಅವಶ್ಯವಾಯಿತು. ರಾಜಧಾನಿಯಾದ ರೇಕ್ಯಾವಿಕ್ಕಿನ ಹೆಂಗಸರು ಹಿಂದೆ ಬಟ್ಟೆಯ ಹೊರೆಯನ್ನು ಹೊತ್ತು ಊರ ಹೊರಗಿನ ಬಿಸಿನೀರಿನ ಬುಗ್ಗೆಗಳಿಗೆ ನಡೆಯುತ್ತಿದ್ದರು. ೧೯೩೦ರಲ್ಲಿ ಅಲ್ಲಿಯ ನೀರನ್ನೇ ಸುಮಾರು ೩ ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಊರಿಗೆ ತಂದು, ಒಂದು ಪಾಠಶಾಲೆಯನ್ನೂ ಹಲವು ಮನೆಗಳನ್ನೂ ಬೆಚ್ಚಗೆ ಮಾಡಿದರು. ಇಂದು ಆ ದೇಶದ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಭೂಗರ್ಭದ ಶಾಖವೇ ಆಧಾರ.

ಆದರೂ ಅಗ್ನಿಯು ಮನುಷ್ಯನಿಗೆ ವಶವಾಯಿತೆಂದು ಭಾವಿಸಲಾಗದು. ೨೦೨೩ರ ನವೆಂಬರಿನಲ್ಲಿ ಗ್ರಿಂಡಾವಿಕ್ ಊರಿನವರೆಲ್ಲರೂ ಮನೆಗಳನ್ನು ತೊರೆಯಬೇಕಾಯಿತು. ನೆರೆಯ ಸ್ವಾರ್ತ್ಸೆಂಗಿ ಸ್ಥಾವರದ ಸುತ್ತ ಒಡ್ಡು ಕಟ್ಟಿ ಅದನ್ನು ಕಾಪಾಡಿದರು. ಆದರೆ ೨೦೨೪ರ ಫೆಬ್ರವರಿಯಲ್ಲಿ ಶಿಲಾರಸವು ಅಲ್ಲಿಂದ ಹೊರಟ ಬಿಸಿನೀರಿನ ಕೊಳವೆಯನ್ನೇ ಮುರಿಯಲು, ಕೊರೆಯುವ ಚಳಿಯಲ್ಲಿ ಸಾವಿರಾರು ಮನೆಗಳು ತಣ್ಣಗಾದುವು. ಕೊಟ್ಟ ಕೈಯೇ ಕಸಿದುಕೊಂಡಿತು; ಜನರು ಕೊಳವೆಯನ್ನು ಮರಳಿ ಜೋಡಿಸಿದರು.