ಮಣ್ಣೆತ್ತಿನ ಮೇಲೆ ಬಿದ್ದ ಬೆಳಕು

ಶಹಾಪುರದ ಬೆಟ್ಟಸಾಲನ್ನು ದೂರದ ಒಂದು ನೆಲೆಯಲ್ಲಿ ನಿಂತು ನೋಡಿದರೆ ಮಲಗಿದ ಬುದ್ಧ ಕಾಣಿಸುತ್ತಾನೆ. ಆ ನೆಲೆಯಿಂದ ಸರಿದರೆ ಬುದ್ಧ ಕರಗಿ, ಬರಿಯ ಬಂಡೆಗಳು ಉಳಿಯುತ್ತವೆ. ಕಾಣುವ ರೂಪದಲ್ಲಿ ವಸ್ತುವಿನ ಪಾಲೆಷ್ಟೋ, ನೋಡುವ ನೆಲೆಯ ಪಾಲೂ ಬೀಳುವ ಬೆಳಕಿನ ಪಾಲೂ ಅಷ್ಟೇ. ಅಂಗೈಯಗಲದ ಬೊಂಬೆಗಳನ್ನು ಮನೆಯಲ್ಲೇ ಜೋಡಿಸಿ, ದೀಪದ ಚಮತ್ಕಾರದಿಂದ ಅವುಗಳಿಗೆ ಹಿರಿಯ ಲೋಕದ ಚಹರೆ ಕೊಟ್ಟು ಛಾಯಾಚಿತ್ರ ತೆಗೆಯುವ ಕಲೆ ನಿಂತಿರುವುದು ಈ ತತ್ತ್ವದ ಮೇಲೆ.

ಇದು ಮಕ್ಕಳಾಟವೆಂದು ತೋರಬಹುದು. ಆದರೆ ಛಾಯಾಗ್ರಹಣದ ಬಾಲ್ಯ ಕಳೆದದ್ದೇ ಹೀಗೆ. ಪ್ಯಾರಿಸಿನಲ್ಲಿ 1822ರಿಂದ ದೊಡ್ಡ ಚಿತ್ರಪಟಗಳ ಮೇಲೆ ಬೆಳಕನ್ನು ಬದಲಿಸುತ್ತ ‘ಡಯೊರಾಮ’ ಎಂಬ ಪ್ರದರ್ಶನ ನಡೆಸುತ್ತಿದ್ದ ದಾಗೇರ್, 1837ರಲ್ಲಿ ತೆಗೆದ ಚಿತ್ರಕ್ಕೆ ಆರಿಸಿಕೊಂಡದ್ದು ಗಚ್ಚಿನ ಪ್ರತಿಮೆಗಳನ್ನು. ಆಗಿನ ತಟ್ಟೆಗೆ ಬಹಳ ಹೊತ್ತಿನ ಬೆಳಕು ಬೇಕಿತ್ತು. ಅಲುಗದೆ ಕೂಡುವ ತಾಳ್ಮೆ ಮನುಷ್ಯನಿಗಿಂತ ಪ್ರತಿಮೆಗೆ ಹೆಚ್ಚು.

ಕ್ಯಾಮೆರಾ ತಲುಪಲಾರದ್ದನ್ನು ತೋರಿಸುವ ಕೆಲಸಕ್ಕೂ ಬೊಂಬೆ ಒದಗಿತು. ಉಗಿಸುತ್ತಿಗೆಯನ್ನು ರೂಪಿಸಿದ ಜೇಮ್ಸ್ ನ್ಯಾಸ್ಮಿತ್, ಜೇಮ್ಸ್ ಕಾರ್ಪೆಂಟರ್ ಜೊತೆಗೂಡಿ 1874ರಲ್ಲಿ ಚಂದ್ರನನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ಚಂದ್ರನ ಕುಳಿಗಳನ್ನು ಹತ್ತಿರದಿಂದ ತೋರುವ ಛಾಯಾಚಿತ್ರ ಅಂದು ಸಾಧ್ಯವಿರಲಿಲ್ಲ. ದೂರದರ್ಶಕದಲ್ಲಿ ಕಂಡದ್ದನ್ನು ಗಚ್ಚಿನಲ್ಲಿ ಮಾಡಿ, ಓರೆಬಿಸಿಲಿಗೆ ಹಿಡಿದು ಅವುಗಳ ಚಿತ್ರ ತೆಗೆಯಲಾಯಿತು. ನೀಳವಾದ ನೆರಳೇ ಅಲ್ಲಿ ಕುಳಿಗೆ ಆಳವನ್ನು ತಂದಿತು. ನಮ್ಮ ಕಡೆಯ ಪ್ರೇಕ್ಷಕರೂ ಮೆಚ್ಚಿದ 1957ರ ‘ಮಾಯಾಬಜಾರ್’ ಚಿತ್ರಕ್ಕೆ ಪುಟ್ಟ ಮನೆಗಳನ್ನು ಕಟ್ಟಿ, ವಿದ್ಯುದ್ದೀಪ ಉರಿಸಿ ದ್ವಾರಕೆಯನ್ನು ಮೂಡಿಸಿದ್ದರು. ಅದರ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ.

ಅಂದಮೇಲೆ ನಮ್ಮ ಸೀಮೆಯ ಇತಿಹಾಸಕ್ಕೂ ಈ ಕಲೆ ಏಕೆ ಸಲ್ಲಬಾರದು? ಸುರಪುರ ಸೀಮೆಯ ಬೂದಿಹಾಳದಲ್ಲಿ ವಿದ್ವಾಂಸರಾದ ಕೆ. ಪದ್ದಯ್ಯನವರು ನಡೆಸಿದ ಉತ್ಖನನ, ಅಲ್ಲಿಯ ಬೂದಿದಿಬ್ಬ ಸುಮಾರು 4,000 ವರ್ಷಗಳ ಹಿಂದಿನ ದನದ ದೊಡ್ಡಿಯ ಸಗಣಿ ಸುಟ್ಟು ಉಳಿದದ್ದೆಂದು ತೋರಿಸಿತು. ಆ ದೊಡ್ಡಿಯ ಚಿತ್ರವನ್ನು ಯಾವ ಕ್ಯಾಮೆರಾ ತೆಗೆದೀತು? ಆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಎತ್ತನ್ನೂ ಗೋದಲಿಯನ್ನೂ ಮಾಡುವ ಕೈಗಳಿವೆ. ಆ ಎತ್ತುಗಳಿಗೆ ಕಡ್ಡಿಯ ಬೇಲಿ, ಜರಡಿ ಹಿಡಿದ ಮಣ್ಣಿನ ನೆಲ ಸಾಕು. ಸೂರ್ಯನೊಬ್ಬನೇ ಆದುದರಿಂದ ದೀಪವೂ ಒಂದೇ ಇರಬೇಕು. ಎರಡು ನೆರಳು ಬಿದ್ದರೆ ಗುಟ್ಟು ರಟ್ಟಾಗುತ್ತದೆ. ಅದನ್ನು ಬದಿಗೆ, ತಗ್ಗಿನಲ್ಲಿ ಇಟ್ಟರೆ ಸಂಜೆಯಾಗುತ್ತದೆ. ಕ್ಯಾಮೆರಾ ಎತ್ತಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮಸೂರದ ಕಿಂಡಿಯನ್ನು ಕಿರಿದುಗೊಳಿಸಿ, ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗುತ್ತವೆ. ನೀರನ್ನು ಮಾತ್ರ ನಂಬಬಾರದು: ಬೊಂಬೆ ಕುಗ್ಗಿದರೂ ಹನಿ ಕುಗ್ಗದು.

ಇಷ್ಟು ಕೈವಶವಾದ ಮೇಲೆ ಎದುರಾಗುವುದು ಧರ್ಮದ ಪ್ರಶ್ನೆ. ತನ್ನ ಚಂದ್ರ ಗಚ್ಚಿನದೆಂದು ನ್ಯಾಸ್ಮಿತ್ ಮರೆಮಾಚಲಿಲ್ಲ. ಆದುದರಿಂದ ಮುಂದಿನ ಶೋಧನೆಗಳು ಆ ರೂಪಗಳನ್ನು ತಿದ್ದಿದರೂ ಅವನ ಮರ್ಯಾದೆಗೆ ಕುಂದಿಲ್ಲ. 1934ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಪ್ರಕಟಿಸಿದ, ಸ್ಕಾಟ್‌ಲೆಂಡಿನ ನೆಸ್ ಸರೋವರದ ವಿಚಿತ್ರ ಪ್ರಾಣಿಯ ಚಿತ್ರದ ಕಥೆ ಬೇರೆ. ಅದು ಆಟಿಕೆಯ ಜಲಾಂತರ್ಗಾಮಿಗೆ ಕೂಡಿಸಿದ ಬೊಂಬೆಯೆಂದು 1994ರಲ್ಲಿ ಬಯಲಾಯಿತು. ಎರಡರಲ್ಲೂ ಬಳಸಿದ್ದು ಬೊಂಬೆಯನ್ನೇ; ಭೇದವಿರುವುದು ಚಿತ್ರದ ಕೆಳಗಿನ ಒಂದು ಸಾಲಿನಲ್ಲಿ.

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಇಲ್ಲದ್ದನ್ನು ಇದ್ದಂತೆ ತೋರುವ ಯಂತ್ರಗಳೂ ಬಂದಿವೆ. ಬೂದಿಹಾಳದ ದೊಡ್ಡಿಯನ್ನು ಮೇಜಿನ ಮೇಲೆ ಕಟ್ಟುವ ಹುಡುಗಿಯೊಬ್ಬಳು ಬೇಲಿ ಎಷ್ಟು ಅಗಲ, ದನಗಳು ಎಷ್ಟು, ಮನುಷ್ಯರು ಮಲಗಿದ್ದು ಎಲ್ಲಿ ಎಂದು ಕೇಳದೆ ಒಂದು ಕಡ್ಡಿಯನ್ನೂ ನೆಡಲಾರಳು. ಆ ಪ್ರಶ್ನೆಗಳೇ ಇತಿಹಾಸದ ಮೊದಲ ಪಾಠ. ಚಿತ್ರದ ಕೆಳಗೆ ‘ಇದು ಮಣ್ಣಿನ ಪ್ರತಿಕೃತಿ’ ಎಂದು ಬರೆಯುವುದು ಅದರ ಎರಡನೆಯ ಪಾಠ.