ಅಲ್-ಖೋಬಾರ್: ಪರವಾನಗಿಯಿಂದ ಬೆಳೆದ ಊರು

ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದ ಅಲ್-ಖೋಬಾರ್ ಇಂದು ದೊಡ್ಡ ಪಟ್ಟಣ. 1938ರ ಮಾರ್ಚ್‌ನಲ್ಲಿ ಸಮೀಪದ ದಮ್ಮಾಮ್ ಏಳನೆಯ ಬಾವಿಯಲ್ಲಿ ತೈಲ ಹೇರಳವಾಗಿ ದೊರೆತಾಗ ಅದು ಬೆಸ್ತರ ಸಣ್ಣ ಊರಾಗಿತ್ತು.

ಹಳೆಯ ಅರಬ್ ಊರುಗಳಲ್ಲಿ ಮನೆ ಕಟ್ಟಲು ಕಚೇರಿಯ ಕಾಗದ ಬೇಕಿರಲಿಲ್ಲ. ನೆರೆಯವರಿಗೆ ತೊಂದರೆಯಾಗಬಾರದು, ಅಷ್ಟೇ. ಹೊಸ ಕಿಟಕಿ ಪಕ್ಕದ ಮನೆಯ ಅಂಗಳಕ್ಕೆ ಇಣುಕಿದರೆ ದೂರು ಖಾಜಿಯ ಬಳಿಗೆ ಹೋಗುತ್ತಿತ್ತು. ತಪಾಸಣೆ ಮಾಡುವವರು ನೆರೆಹೊರೆಯವರೇ.

ತೈಲ ಬಂದ ಮೇಲೆ ಈ ಪದ್ಧತಿ ಬದಲಾಯಿತು. 1941ರಲ್ಲಿ ರಸ್ತೆ ಮತ್ತು ಕಟ್ಟಡಗಳ ಕಾನೂನು ಬಂತು. 1940ರ ದಶಕದಲ್ಲೇ ಅರಾಮ್ಕೊ ಎಂಜಿನಿಯರುಗಳು ದಮ್ಮಾಮ್, ಖೋಬಾರ್‌ಗಳಿಗೆ ಚದುರಂಗದ ಮನೆಗಳಂತೆ ನೇರ ಬೀದಿಗಳ ನಕ್ಷೆ ಎಳೆದರು. 1951ರಲ್ಲಿ ಆ ಕಂಪನಿ ತನ್ನ ಸೌದಿ ನೌಕರರಿಗೆ ಮನೆ ಸಾಲ ಕೊಡತೊಡಗಿತು. 1974ರಲ್ಲಿ ಸರ್ಕಾರ ಬಡ್ಡಿಯಿಲ್ಲದ ಸಾಲಕ್ಕಾಗಿ ನಿಧಿ ಸ್ಥಾಪಿಸಿತು. 1975ರಲ್ಲಿ ನಗರ ಹಾಗೂ ಗ್ರಾಮಾಡಳಿತಕ್ಕೆ ಪ್ರತ್ಯೇಕ ಸಚಿವಾಲಯವಾಯಿತು. ನಿವೇಶನದ ಹಕ್ಕುಪತ್ರ, ಎಂಜಿನಿಯರಿಂಗ್ ಕಚೇರಿಯ ನಕ್ಷೆ, ಬಲದಿಯಾ ಎಂಬ ಪುರಸಭೆಯ 'ರುಖ್ಸಾ' ಎಂಬ ಪರವಾನಗಿ, ಮುಗಿದ ಮೇಲೆ ಪೂರ್ಣತಾ ಪತ್ರ: ಹೀಗೆ ಮನೆಗಿಂತ ಮೊದಲು ಕಡತ ಬೆಳೆಯಿತು.

ಹೊಸ ನಿಯಮ ಮನೆಯ ನಾಲ್ಕೂ ಕಡೆ ಜಾಗ ಬಿಡಿಸಿತು. ಗಾಳಿ ಬೆಳಕು ಬಂದವು; ಆದರೆ ಹಳೆಯ ಖಾಜಿ ಮುಚ್ಚಿಸುತ್ತಿದ್ದ ಕಿಟಕಿಗಳೇ ಪರವಾನಗಿ ಪಡೆದು ಎದುರುಬದುರಾದವು. ಅನೇಕರು ಕಾಂಪೌಂಡ್ ಗೋಡೆಯ ಮೇಲೆ ತಗಡಿನ ಮರೆ ಏರಿಸಿಕೊಂಡರು. ನೆರೆಯವರ ಮಾತು ಮಾಡುತ್ತಿದ್ದ ಕೆಲಸವನ್ನು ತಗಡು ಮಾಡಬೇಕಾಯಿತು.

1973ರ ನಂತರ ತೈಲ ಬೆಲೆ ಏರಿ ಕಾಮಗಾರಿ ಹೆಚ್ಚಿದಾಗ, ದಕ್ಷಿಣ ಕನ್ನಡವೇ ಮೊದಲಾದ ಕಡೆಗಳಿಂದ ನಮ್ಮವರೂ ಬಂದರು. ನಕ್ಷೆ ಎಳೆದವರು, ಕಬ್ಬಿಣ ಕಟ್ಟಿದವರು, ಕಾಂಕ್ರೀಟ್ ಸುರಿಯುವ ಮುನ್ನ ಪರಿಶೀಲನೆಗಾಗಿ ಬಿಸಿಲಲ್ಲಿ ಕಾದವರು ಅವರಲ್ಲಿದ್ದರು. ಸೌದಿ ಕಟ್ಟಡ ಸಂಹಿತೆಯ ಮೊದಲ ಆವೃತ್ತಿ ಬಂದದ್ದು 2007ರಲ್ಲಿ. 2018ರಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು. ಈಗ ಪರವಾನಗಿಯ ಅರ್ಜಿ ಕಂಪ್ಯೂಟರಿನಲ್ಲೇ ಸಲ್ಲುತ್ತದೆ.

ಪರವಾನಗಿಯಲ್ಲಿ ಮಾಲೀಕರ ಹೆಸರಿರುತ್ತದೆ, ಎಂಜಿನಿಯರಿಂಗ್ ಕಚೇರಿಯ ಮೊಹರಿರುತ್ತದೆ. ಗೆರೆ ಎಳೆದ, ಇಟ್ಟಿಗೆ ಇಟ್ಟ ಕೈಗಳಿಗೆ ಅಲ್ಲಿ ಸ್ಥಳವಿಲ್ಲ. ಆ ಕೈಗಳ ಚರಿತ್ರೆ ಉಳಿಯಬೇಕಾದರೆ ನಾವೇ ಬರೆದಿಡಬೇಕು. ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹಿರಿಯರು ಎಳೆದ ನಕ್ಷೆಯ ಪ್ರತಿಯೋ, ಕಾಮಗಾರಿಯ ಸ್ಥಳದಲ್ಲಿ ತೆಗೆಸಿದ ಫೋಟೋವೋ ಇದ್ದರೆ ರದ್ದಿಗೆ ಹಾಕಬೇಡಿ. ಅದರ ಹಿಂದೆ ಹೆಸರು, ಊರು, ಇಸವಿ ಬರೆದಿಡಿ. ಮಕ್ಕಳಿಗೆ ಅದನ್ನು ತೋರಿಸಿ.