ಬೆಳ್ಗೊಳದಲ್ಲಿ ಕಣ್ತಪ್ಪುವ ಅಕ್ಷರಗಳು

ಕಾವೇರೀತೀರದ ರಾಮನಾಥಪುರದಿಂದ ಹೊರಟು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮಾರ್ಗವಾಗಿ ಶ್ರವಣಬೆಳ್ಗೊಳವನ್ನು ಸಮೀಪಿಸುವ ಯಾತ್ರಿಕನಿಗೆ ಊರನ್ನು ಸೇರುವ ಮೊದಲೇ ದೊಡ್ಡಬೆಟ್ಟದ ಗೊಮ್ಮಟೇಶ್ವರನ ದರ್ಶನವಾಗುತ್ತದೆ. 58 ಅಡಿ ಎತ್ತರದ ಆ ಭವ್ಯಮೂರ್ತಿ ಕಣ್ಣನ್ನೂ ಮನಸ್ಸನ್ನೂ ಮೇಲಕ್ಕೆ ಸೆಳೆದುಕೊಳ್ಳುವುದು ಸಹಜ. ಆ ಸೆಳೆತದಲ್ಲಿ ಕಾಲಕೆಳಗಿನ ಬಂಡೆಯನ್ನೂ ಬಾಗಿಲ ಪಕ್ಕದ ಕಲ್ಲನ್ನೂ ನೋಡುವ ವ್ಯವಧಾನ ನಮ್ಮಲ್ಲಿ ಅನೇಕರಿಗೆ ಉಳಿಯುವುದಿಲ್ಲ. ಆದರೆ ಈ ಮಹಾಕ್ಷೇತ್ರದ ಚರಿತ್ರೆಯ ಬಹುಭಾಗ ಬರೆಯಲ್ಪಟ್ಟಿರುವುದು ಅಲ್ಲಿಯೇ.

ಇದಕ್ಕೆ ಶಾಸನಸಂಪುಟಗಳೇ ಸಾಕ್ಷಿ. 1889ರಲ್ಲಿ ಬಿ. ಎಲ್. ರೈಸ್ ಅವರು ಬೆಳ್ಗೊಳದ ಶಾಸನಗಳನ್ನು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅದು 500ಕ್ಕೆ ಏರಿತು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕರಣದಲ್ಲಿ 573 ಆಯಿತು. ಈ ಅವಧಿಯಲ್ಲಿ ಯಾರೂ ಹಳಗನ್ನಡದ ಹೊಸ ಶಾಸನ ಕೆತ್ತಿಸಲಿಲ್ಲ. ಇದ್ದವುಗಳನ್ನೇ ಬಿಸಿಲಿನಲ್ಲಿ ಬಾಗಿ, ಕುಳಿತು, ಬೆರಳಾಡಿಸಿ ಓದುವವರು ಬಂದರು, ಅಷ್ಟೆ.

ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಮಾಧಿಮರಣವನ್ನು ಸಾಧಿಸಿದ ಮುನಿಗಳ, ಆರ್ಯಿಕೆಯರ ಸ್ಮಾರಕಲೇಖಗಳಿರುವಂತೆಯೇ ಬಂದು ಹೋದ ಯಾತ್ರಿಕರ ಹೆಸರುಗಳೂ ಉಂಟು. ಅನೇಕವು ಒಂದೇ ಸಾಲಿನವು. ಮೇಲೆ ನಡೆದು ಹೋದರೂ ತಿಳಿಯುವಂತಿಲ್ಲ. ಅವುಗಳಲ್ಲಿ ಒಂದು 'ಕವಿರತ್ನ' ಎಂಬ ಹೆಸರು. ಬಳೆಗಾರರ ಕುಲದಲ್ಲಿ ಹುಟ್ಟಿ, ದೂರದ ಮುದುವೊಳಲಿನಿಂದ ದಕ್ಷಿಣಕ್ಕೆ ಬಂದು, ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತು, ಚಾವುಂಡರಾಯನ ಆಶ್ರಯ ಪಡೆದ ರನ್ನನೇ ಇವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಜಿತಪುರಾಣವನ್ನು ರಚಿಸಿದ ಮಹಾಕವಿಯೂ ಈ ಬೆಟ್ಟದಲ್ಲಿ ಹೆಸರಿಲ್ಲದ ಯಾತ್ರಿಕರ ನಡುವೆ ಒಬ್ಬ ಯಾತ್ರಿಕನಾಗಿಯೇ ನಿಂತಿದ್ದಾನೆ. ಹಾಗೆಯೇ ಚಂದ್ರಗುಪ್ತ ಬಸದಿಯಲ್ಲಿ ಭದ್ರಬಾಹು-ಚಂದ್ರಗುಪ್ತರ ಕಥೆಯನ್ನು ಸಾಲುಸಾಲಾಗಿ ಬಿಡಿಸಿರುವ ಜಾಲಂಧ್ರವನ್ನು ಮೆಚ್ಚುವವರು ಬಹಳ. ಅದರಲ್ಲೇ ಕೆತ್ತಿರುವ 'ದಾಸೋಜ' ಎಂಬ ಶಿಲ್ಪಿಯ ಹೆಸರನ್ನು ಹುಡುಕಿ ನೋಡುವವರು ವಿರಳ.

ಬೆಟ್ಟದಿಂದ ಇಳಿದು ಊರಿನ ಬೀದಿಗಳಲ್ಲಿ ಸಂಚರಿಸಿದರೂ ಇದೇ ಅನುಭವ. ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದ ಆಚಿಯಕ್ಕ ಹೊಯ್ಸಳ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ. ಪತಿ ಶಿವಭಕ್ತ, ಸತಿ ಜಿನಭಕ್ತೆ. ಆ ಬಸದಿಗಾಗಿ ದತ್ತಿಯನ್ನು ಅರಸನಲ್ಲಿ ಬೇಡಿದವನು ಆ ಶಿವಭಕ್ತನೇ. ಮಂಗಾಯಿ ಬಸದಿಯ ಮುಂದಿನ ಆನೆಗಳನ್ನು ಮಕ್ಕಳು ಸಹ ಬಲ್ಲರು. ಆದರೆ ಆ ಜಿನಾಲಯವನ್ನು ಮಾಡಿಸಿದ ಮಂಗಾಯಿ ರಾಜನರ್ತಕಿಯರಲ್ಲಿ ಚೂಡಾಮಣಿಯಾಗಿದ್ದವಳು, ಅಭಿನವ ಚಾರುಕೀರ್ತಿ ಪಂಡಿತಾಚಾರ್ಯರ ಶಿಷ್ಯೆ ಎಂಬುದನ್ನು ಶಾಸನವೇ ನಮಗೆ ತಿಳಿಸಬೇಕು.

ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಚತುರ್ವಿಂಶತಿ ತೀರ್ಥಂಕರ ಬಸದಿಯಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಬಗೆಹರಿಸಿದ ಸಂಗತಿ ಸುಪ್ರಸಿದ್ಧ. ಅದರ ಮುಂದಿನ ಸಾಲುಗಳು ಅಷ್ಟು ಪ್ರಸಿದ್ಧವಲ್ಲ. ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇರಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣಜಿನಾಲಯಗಳಿಗೆ ಸೊದೆಯನ್ನು, ಎಂದರೆ ಸುಣ್ಣವನ್ನು, ಬಳಿಸಬೇಕು. ಈ ಹಣವನ್ನು ಎತ್ತಿ ವ್ಯವಸ್ಥೆ ಮಾಡುವ ಹೊಣೆ ತಿರುಮಲೆಯ ತಾತಯ್ಯನೆಂಬ ಶ್ರೀವೈಷ್ಣವನದು. ದೊಡ್ಡ ರಾಜಿಯೊಂದು ಬಹುಕಾಲ ಬಾಳಬೇಕಾದರೆ ಮನೆಗೊಂದು ಹಣ, ಗೋಡೆಗಿಷ್ಟು ಸುಣ್ಣ ಎಂಬ ಲೆಕ್ಕ ಬೇಕೆಂದು ಅಂದಿನವರು ಅರಿತಿದ್ದರು.

ಆದರೆ ಜೀರ್ಣೋದ್ಧಾರದ ಉತ್ಸಾಹವೂ ಎಚ್ಚರ ತಪ್ಪಿದರೆ ನಷ್ಟಕ್ಕೆ ಕಾರಣವಾಗಬಹುದು. ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬವೇ ಇದಕ್ಕೆ ನಿದರ್ಶನ. ಲತಾಸುರುಳಿಗಳಿಂದ ಶೋಭಿಸುವ ಈ ಕಂಬವನ್ನು ಮಾಡಿಸಿದವನು ಚಾವುಂಡರಾಯ. ಅದರ ಬುಡದ ನಾಲ್ಕು ಮುಖಗಳಲ್ಲಿಯೂ ಅವನ ಶಾಸನವಿತ್ತು. ಈಗ ಉಳಿದಿರುವುದು ಉತ್ತರಮುಖದ್ದು ಮಾತ್ರ. ಅವನ ಪರಾಕ್ರಮವನ್ನು ವರ್ಣಿಸುತ್ತಿರುವಾಗಲೇ ಬರೆಹ ನಿಂತುಹೋಗುತ್ತದೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬಾತ ಈ ಕಂಬಕ್ಕೆ ಯಕ್ಷನ ಮೂರ್ತಿಯನ್ನು ಮಾಡಿಸಿದ. ಆ ಸೇವೆಯನ್ನು ಹೇಳುವ ಎರಡು ಮೂರು ಸಾಲುಗಳಿಗೆ ಎಡೆ ಮಾಡುವುದಕ್ಕಾಗಿ ಮೂರು ಮುಖಗಳ ಪ್ರಾಚೀನ ಬರೆಹವನ್ನು ಅವನೇ ಅಳಿಸಿಹಾಕಿಸಿದನೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗೊಮ್ಮಟನ ಪ್ರತಿಷ್ಠೆಯ ವಿವರವನ್ನು ಚಾವುಂಡರಾಯನ ಮಾತಿನಲ್ಲಿಯೇ ಓದುವ ಭಾಗ್ಯ ಬಹುಶಃ ಅಂದೇ ನಮ್ಮ ಕೈತಪ್ಪಿತು. ಪ್ರತಿಷ್ಠೆ ನಡೆದದ್ದು 981ರಲ್ಲಿ ಎಂಬುದನ್ನು ಇಂದು ಬೇರೆ ಆಧಾರಗಳಿಂದ ಊಹಿಸಬೇಕಾಗಿದೆ.

ಹೆಗ್ಗಡೆ ಕಣ್ಣ ದುಷ್ಟನಲ್ಲ. ಅವನೂ ನಮ್ಮಂತೆಯೇ ಶ್ರದ್ಧಾವಂತನಾದ ಶ್ರಾವಕ. ಕ್ಷೇತ್ರಕ್ಕೆ ಒಂದು ಸೇವೆ ಸಲ್ಲಿಸಿ ತನ್ನ ಹೆಸರು ಉಳಿಯಲೆಂದು ಬಯಸಿದವನು. ಆದುದರಿಂದಲೇ ಅವನ ಪ್ರಸಂಗ ನಮಗೆ ಹತ್ತಿರದ್ದು. ಬಸದಿಗೆ ಹೊಸ ನೆಲಗಟ್ಟು ಹಾಸುವಾಗ, ಕಂಬಕ್ಕೆ ಬಣ್ಣ ಬಳಿಯುವಾಗ, ದಾನಿಗಳ ಫಲಕವನ್ನು ಗೋಡೆಗೆ ಕೂರಿಸುವಾಗ ಅವನ ಉಳಿ ನಮ್ಮ ಕೈಯಲ್ಲಿಯೂ ಇರುತ್ತದೆ. ಮೆಟ್ಟಿಲಿಗೆ ಬಿದ್ದ ನಿಷಿಧಿಗಲ್ಲು, ಒಗೆಯುವ ಕಲ್ಲಾದ ಶಾಸನ, ಸುಣ್ಣದ ಪದರದಡಿ ಮುಚ್ಚಿಹೋದ ಒಂದು ಸಾಲು—ಇವು ನಮ್ಮ ಊರಿನಲ್ಲಿಯೂ ಇರಬಹುದು.

ಆದಕಾರಣ ಪ್ರತಿಷ್ಠಾಮಹೋತ್ಸವಕ್ಕೆ ಬಂದ ಧರ್ಮಬಂಧುಗಳಲ್ಲಿ ವಿನಂತಿ ಇಷ್ಟೇ. ದರ್ಶನ ಪೂಜಾದಿಗಳು ಮುಗಿದ ಮೇಲೆ ಮಕ್ಕಳನ್ನು ಜೊತೆಗೆ ಕರೆದುಕೊಂಡು ಬಸದಿಯನ್ನು ಇನ್ನೊಮ್ಮೆ ನಿಧಾನವಾಗಿ ಸುತ್ತಿರಿ. ಪೀಠದ ಅಂಚು, ಬಾಗಿಲವಾಡದ ಮಗ್ಗುಲು, ಅಂಗಳದ ಹಾಸುಗಲ್ಲು ಇವನ್ನು ನೋಡಿರಿ. ಅಕ್ಷರ ಕಂಡರೆ ನೀರಿನಿಂದ ತೊಳೆಯಿರಿ, ಛಾಯಾಚಿತ್ರ ತೆಗೆಯಿರಿ, ಬಲ್ಲವರಿಗೆ ತೋರಿಸಿರಿ. ಅದನ್ನು ಓದಿಸುವವರೆಗೆ ಉಳಿ, ಬಣ್ಣ, ಸಿಮೆಂಟುಗಳು ಅದರ ಬಳಿ ಸುಳಿಯದಿರಲಿ. ಹೊಸದಾಗಿ ಪ್ರತಿಷ್ಠಿತನಾದ ಜಿನೇಶ್ವರನ ಸನ್ನಿಧಿಯಲ್ಲಿ ಪೂರ್ವಜರ ಹೆಸರುಗಳೂ ಉಳಿಯಲಿ.